ಒಂದೇ ರಾತ್ರಿಗೆ ಮುಗಿಯಬೇಕು: ‘ಔಟ್‌ರೇಜ್’ ಮತ್ತು ‘ಗಾಡ್‌ಫಾದರ್’

ಮೊದಲೇ ಹೇಳಿಬಿಡುತ್ತೇನೆ, ಒಂದೇ ರಾತ್ರಿಗೆ ಮುಗಿಯುವ ಗ್ಯಾಂಗ್‌ಸ್ಟರ್ ಸಿನಿಮಾ ಯಾವುದು ಅಂದರೆ ನನ್ನ ಓಟು ಜಪಾನಿನ ‘ಔಟ್‌ರೇಜ್’ಗೆ. ಗುಬ್ಬಿಯಲ್ಲಿರುವ ನಮ್ಮ ಭಾವ ಮಾತ್ರ ‘ಗಾಡ್‌ಫಾದರ್’ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಅವರ ಒತ್ತಾಯಕ್ಕೆ ಅದನ್ನೂ ಆನ್‌ಲೈನ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡೆ. ಅಲ್ಲೇ ಎಡವಟ್ಟಾಗಿದ್ದು.

ನಾನು ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಒಂದು ತರಕಾರಿ ಮಂಡಿಯ ಲೆಕ್ಕ ಬರೆಯುವವನು. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. 1972ರ ಆ ಸಿನಿಮಾ ನೋಡಿದರೆ ಹತ್ತಿರ ಹತ್ತಿರ ಮೂರು ಗಂಟೆ. 120 ರೂಪಾಯಿ ಕಟ್ಟಿದೆ. ಒಮ್ಮೆ ಶುರು ಮಾಡಿದರೆ 48 ಗಂಟೆಯೊಳಗೆ ಮುಗಿಸಬೇಕು ಅಂತ ನಿಯಮ. ಮೊದಲ ರಾತ್ರಿ ಮದುವೆ ಮನೆ ಆಯಿತು, ಹಾಸಿಗೆಯಲ್ಲಿ ಕುದುರೆ ತಲೆ ಆಯಿತು, ಮೈಕೆಲ್ ಆಸ್ಪತ್ರೆಯಲ್ಲಿ ಅಪ್ಪನ ಮಂಚ ತಳ್ಳುವ ಹೊತ್ತಿಗೆ ನನಗೆ ತೂಕಡಿಕೆ. ಎರಡನೇ ರಾತ್ರಿ ಕರೆಂಟ್ ಇಲ್ಲ. ಮೊಬೈಲ್ ಡೇಟಾದಲ್ಲಿ ಹಾಕಿದರೆ ಚಕ್ರ ಸುತ್ತುತ್ತಾ ಕೂತಿತು. ಮೂರನೇ ದಿನ ಊಟ ಮುಗಿಸಿ ತೆರೆದರೆ, ಮತ್ತೆ ಬಾಡಿಗೆ ಕಟ್ಟಿ ಅಂತ ಬಂತು!

ದೂರು ಬರೆದೆ. ನನ್ನ ತೊಂದರೆಗೆ ವಿಷಾದವಂತೆ, ದುಡ್ಡು ಮಾತ್ರ ವಾಪಸ್ ಬರಲ್ಲವಂತೆ. ಕರೆಂಟ್ ಹೋಗಿದ್ದು ನನ್ನ ತಪ್ಪಾ? ಎರಡು ದಿನ ಹಟ ಮಾಡಿ ಸುಮ್ನಿದ್ದೆ. ಆದರೆ ಅಪ್ಪನನ್ನು ಆ ಮಂಚದ ಮೇಲೆ ಬಿಟ್ಟು ಬಂದಿದ್ದೀನಲ್ಲ ಅನ್ನಿಸಿ ಇನ್ನೊಂದು 120 ಕಟ್ಟಿದೆ. ಸಿನಿಮಾ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಅಪ್ಪನ ಪಾತ್ರದ ಬ್ರಾಂಡೊ ಪಿಸುಗುಟ್ಟಿದರೂ ಮೈ ಜುಮ್ಮೆನ್ನುತ್ತದೆ. 240 ರೂಪಾಯಿಯ ಹೊಟ್ಟೆಯುರಿಯಲ್ಲಿ ನೋಡುವ ಸಿನಿಮಾ ಅಲ್ಲ, ಅಷ್ಟೇ.

‘ಔಟ್‌ರೇಜ್’ 109 ನಿಮಿಷ. ಎಂಟೂವರೆಗೆ ಹಾಕಿದೆ, ಹತ್ತೂವರೆಗೆ ಮಲಗಿದ್ದೆ. 2010ರದ್ದು. ತಾಕೇಶಿ ಕಿತಾನೊ ನಿರ್ದೇಶನ, ಓಟೊಮೊ ಪಾತ್ರವೂ ಅವರದೇ.

ನನಗೆ ಹಿಡಿಸಿದ್ದು ಅದರ ಜಗಳದ ರೀತಿ. ‘ಗಾಡ್‌ಫಾದರ್’ನಲ್ಲಿ ಗಾದಿ ಅಪ್ಪನಿಂದ ಮಗನಿಗೆ ಬರುತ್ತದೆ. ಇಲ್ಲಿ ಅಪ್ಪ, ಮಗ, ಅಣ್ಣ, ತಮ್ಮ ಎಲ್ಲ ಬರೀ ಹೆಸರಿಗೆ. ಸಾನ್ನೊ-ಕೈ ಅನ್ನುವ ದೊಡ್ಡ ರೌಡಿ ಕೂಟದ ಅಧ್ಯಕ್ಷನಿಗೆ ತನ್ನ ಕೆಳಗಿನ ಇಕೆಮೊಟೊ ಹೊರಗಿನ ಗುಂಪಿನ ಮುರಾಸೆ ಜೊತೆ ಸೇರುವುದು ಹಿಡಿಸಲ್ಲ. ಇಕೆಮೊಟೊ, ಮುರಾಸೆ ಇಬ್ಬರೂ ಆಣೆ ಮಾಡಿಕೊಂಡ ಅಣ್ಣತಮ್ಮಂದಿರು. ಅಣ್ಣನನ್ನು ತಾನೇ ಹೊಡೆಯೋದು ಹೇಗೆ? ಆ ಕೆಲಸವನ್ನು ಇಕೆಮೊಟೊ ತನ್ನ ಕೆಳಗಿನ ಓಟೊಮೊ ತಲೆಗೆ ಕಟ್ಟುತ್ತಾನೆ. ಕೆಲಸ ಕೆಟ್ಟರೆ ಬೈಗುಳವೂ ಓಟೊಮೊಗೇ. ನಮ್ಮ ಮಂಡಿಯಲ್ಲೂ ಹೀಗೇ ಅಲ್ವಾ? ತೂಕದಲ್ಲಿ ಹೆಚ್ಚುಕಮ್ಮಿ ಆದರೆ ಯಜಮಾನರು ನನಗೆ, ನಾನು ಹಮಾಲಿ ಹುಡುಗನಿಗೆ. ಆ ಸಿನಿಮಾದವರಂತೆ ಬೆರಳು ಕತ್ತರಿಸಿ ಕ್ಷಮೆ ಕೇಳುವ ಪದ್ಧತಿ ಒಂದಿಲ್ಲ, ಪುಣ್ಯ.

ಕಷ್ಟ ಇರೋದು ಹೆಸರುಗಳಲ್ಲಿ. ಎಲ್ಲರೂ ಕರಿ ಕೋಟು, ಎಲ್ಲರದ್ದೂ ಒಂದೇ ಗುರಾಯಿಸುವ ಮುಖ. ಇಂಗ್ಲಿಷ್ ಸಬ್‌ಟೈಟಲ್ ಓದುವಷ್ಟರಲ್ಲಿ ಒಬ್ಬ ಸತ್ತಿರುತ್ತಾನೆ. ಕೊನೆಗೆ ಹಳೇ ಕರೆಂಟ್ ಬಿಲ್ಲಿನ ಹಿಂದೆ ಯಾರ ಕೆಳಗೆ ಯಾರು ಅಂತ ಗೀಟು ಹಾಕಿಕೊಂಡೆ. ಸತ್ತವರಿಗೆ ಕಾಟು ಹೊಡೆಯುತ್ತಾ ಹೋದೆ. ಕೊನೆಗೆ ಉಳಿದವರು ಕಡಿಮೆ.

ರಕ್ತ ಜಾಸ್ತಿ. ಹಲ್ಲಿನ ಡಾಕ್ಟರ್ ಕುರ್ಚಿಯ ದೃಶ್ಯಕ್ಕೆ ನಮ್ಮ ಮನೆಯವಳು ಎದ್ದು ಹೋದಳು.

ನಮ್ಮದೇ ‘ಆ ದಿನಗಳು’ ಕೂಡ ಮತ್ತೆ ನೋಡಿದೆ, 2007ರದ್ದು. ಬೆಂಗಳೂರಿನ ಭೂಗತ ಲೋಕ, ಇಳಯರಾಜ ಸಂಗೀತ, ಸಬ್‌ಟೈಟಲ್ ರಗಳೆ ಇಲ್ಲ. ಪ್ರೀತಿಯ ಭಾಗ ಬಂದಾಗಲೆಲ್ಲ ಮಜ್ಜಿಗೆಗೆ ಎದ್ದೆ.

ಭಾನುವಾರ ರಜೆ ಇದ್ದು, ಯುಪಿಎಸ್ ಇರುವವರು ‘ಗಾಡ್‌ಫಾದರ್’ ನೋಡಿ. ನನ್ನಂತೆ ಕೋಳಿ ಕೂಗುವ ಮೊದಲು ಏಳುವವರಿಗೆ ‘ಔಟ್‌ರೇಜ್’ ಸಾಕು. ಅದರ ಎರಡನೇ ಭಾಗ 2012ರಲ್ಲಿ, ಮೂರನೆಯದು 2017ರಲ್ಲಿ ಬಂದಿವೆ. ಅವಕ್ಕೂ ಇನ್ನೆರಡು ಬಿಲ್ ಎತ್ತಿಟ್ಟಿದ್ದೇನೆ.

ಮೊನ್ನೆ ಭಾವ ಮನೆಗೆ ಬಂದಾಗ ಆ ಹಾಳೆ ಅವರ ಕೈಗೆ ಸಿಕ್ಕಿತು. ಕನ್ನಡಕ ಏರಿಸಿ ನೋಡಿ, “ಯಾರ ಮನೆ ಆಸ್ತಿ ಪಾಲಯ್ಯ ಇದು, ಎಲ್ಲರಿಗೂ ಕಾಟು ಹೊಡೆದಿದ್ದೀಯ?” ಅಂದರು.