ಹಡಗಿನ ಟೂರೋ, ಹೊರಗಿನ ವ್ಯಾನೋ, ನಮ್ಮ ಕಾಲೋ: ಸಿಂಗಪುರ ಕ್ರೂಸಿನ ಮೂರು ಬಂದರುಗಳ ಹೋಲಿಕೆ

ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆಯಿಂದ ಸಿಂಗಪುರದ ಕ್ರೂಸಿಗೆ ಹೋಗುವವರು ಹೆಚ್ಚಾಗಿ ಬೀಗರು, ಅಣ್ಣತಮ್ಮಂದಿರು ಸೇರಿ ಎಂಟು ಹತ್ತು ಮಂದಿಯ ಗುಂಪು ಕಟ್ಟಿಕೊಂಡೇ ಹೊರಡುತ್ತಾರೆ. ವಿಮಾನ, ವೀಸಾ, ಕ್ಯಾಬಿನ್ ಎಲ್ಲವನ್ನೂ ಏಜೆಂಟರು ನೋಡಿಕೊಳ್ಳುತ್ತಾರೆ. ಹಡಗು ಬಂದರಿನಲ್ಲಿ ನಿಂತ ದಿನ ಕೆಳಗಿಳಿದು ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ. ದಾರಿ ಮೂರು: ಹಡಗಿನವರೇ ಮಾರುವ ಟೂರು, ಊರಲ್ಲಿದ್ದಾಗಲೇ ಮಾತಾಡಿಕೊಂಡ ಹೊರಗಿನ ವ್ಯಾನು, ಇಲ್ಲವೇ ಸುಮ್ಮನೆ ಇಳಿದು ನಡೆಯುವುದು. ಮಲೇಷ್ಯಾದ ಪಿನಾಂಗ್, ಪೋರ್ಟ್ ಕ್ಲಾಂಗ್, ಥಾಯ್ಲೆಂಡಿನ ಫುಕೆಟ್ ಮೂರು ಕಡೆಯೂ ಇವನ್ನು ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ದರಪಟ್ಟಿ ಹಿಡಿದು ತೀರ್ಮಾನಿಸಬೇಡಿ. ಹಡಗು ನಿಲ್ಲುವ ಜಾಗಕ್ಕೂ ನೀವು ನೋಡಬೇಕೆಂದಿರುವ ಜಾಗಕ್ಕೂ ನಡುವೆ ಎಷ್ಟು ರಸ್ತೆ, ಎಷ್ಟು ನೀರು ಇದೆ ಅನ್ನುವುದನ್ನು ಮೊದಲು ನೋಡಿ.

ಎಲ್ಲಕ್ಕೂ ಮೂಲವಾದ ನಿಯಮವೊಂದಿದೆ. ಹಡಗಿನವರ ಟೂರಿಗೆ ಹೋದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಅಪರೂಪಕ್ಕೆ ಕಾಯಲಾಗದಿದ್ದರೆ ಮುಂದಿನ ಬಂದರಿಗೆ ಸೇರಿಸುವ ಹೊಣೆ ಅವರದೇ. ನೀವಾಗಿಯೇ ಹೋಗಿ ತಡವಾದರೆ ಹಡಗು ಹೊರಟುಬಿಡುತ್ತದೆ, ಮುಂದಿನ ಬಂದರಿನವರೆಗಿನ ವಿಮಾನ, ಹೋಟೆಲು, ವೀಸಾ ಖರ್ಚೆಲ್ಲ ನಿಮ್ಮ ತಲೆ ಮೇಲೆ. ಇನ್ನೊಂದು ಗೊತ್ತಿರಲಿ: ಕ್ರೂಸಿನ ವೇಳಾಪಟ್ಟಿಯ ಚೀಟಿಯಲ್ಲಿ ಹಡಗು 5 ಗಂಟೆಗೆ ಹೊರಡುತ್ತದೆ ಎಂದಿದ್ದರೆ ನೀವು ಹತ್ತಿರಬೇಕಾದ ಸಮಯ ಅದಕ್ಕಿಂತ ಅರ್ಧದಿಂದ ಒಂದು ಗಂಟೆ ಮುಂಚೆ. ಇಳಿಯುವಾಗಲೂ ಹೀಗೇ. 8ಕ್ಕೆ ಹಡಗು ಕಟ್ಟಿದರೂ ಅಧಿಕಾರಿಗಳ ಅನುಮತಿ, ಲಿಫ್ಟಿನ ಸಾಲು, ಇಮಿಗ್ರೇಷನ್ ಮುಗಿದು ರಸ್ತೆಗೆ ಕಾಲಿಡುವಾಗ 9 ದಾಟಿರುತ್ತದೆ. ಚೀಟಿಯ ಒಂಬತ್ತು ತಾಸಿನಲ್ಲಿ ಕೈಗೆ ಸಿಗುವುದು ಏಳು.

ಪಿನಾಂಗ್: ಇಲ್ಲಿ ಟೂರಿಗೆ ದುಡ್ಡು ಕೊಡಬೇಡಿ

ಹಡಗು ಕಟ್ಟುವ ಸ್ವೆಟನ್‌ಹ್ಯಾಮ್ ಪಿಯರ್ ಜಾರ್ಜ್‌ಟೌನಿನ ಬಾಗಿಲಲ್ಲೇ ಇದೆ. ಗೇಟು ದಾಟಿದರೆ ಎದುರಿಗೇ ವಿಕ್ಟೋರಿಯಾ ರಾಣಿಯ ಕಾಲದ ಗಡಿಯಾರದ ಗೋಪುರ, ಅದರ ಪಕ್ಕ ಕಾರ್ನ್‌ವಾಲಿಸ್ ಕೋಟೆ, ಕಾಲು ಗಂಟೆ ನಡೆದರೆ ಲಿಟಲ್ ಇಂಡಿಯಾ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು ಇದೇ. ಕಪಿತಾನ್ ಕೆಲಿಂಗ್ ಮಸೀದಿಯ ಬೀದಿ ಒಂದರಲ್ಲೇ ಚರ್ಚು, ಚೀನೀ ಗುಡಿ, ಮಹಾಮಾರಿಯಮ್ಮನ ದೇವಸ್ಥಾನ, ಮಸೀದಿ ಒಂದರ ಹಿಂದೊಂದು ಸಿಗುತ್ತವೆ. ಹಡಗಿನವರು ಬಸ್ಸಿನಲ್ಲಿ ಕೂಡಿಸಿ ತೋರಿಸುವುದೂ ಇದನ್ನೇ. ಅರ್ಧ ಹೊತ್ತು ಬಸ್ಸು ಹತ್ತಿ ಇಳಿಯುವುದರಲ್ಲಿ, ತಲೆ ಎಣಿಸುವುದರಲ್ಲಿ ಹೋಗುತ್ತದೆ. ಮಾರಿಯಮ್ಮನ ಗುಡಿಯ ಸುತ್ತ ಬಾಳೆ ಎಲೆ ಊಟ, ದೋಸೆ, ಇಡ್ಲಿ ಸಿಗುವುದರಿಂದ ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ.

ಪಿನಾಂಗ್ ಬೆಟ್ಟಕ್ಕೆ ಹೋಗಬೇಕು ಅನ್ನುವವರು ಸ್ವಲ್ಪ ಲೆಕ್ಕ ಹಾಕಬೇಕು. ಪಿಯರಿನಿಂದ ಹತ್ತು ನಿಮಿಷ ನಡೆದರೆ ಜೆಟ್ಟಿ ಬಸ್ ನಿಲ್ದಾಣ. ಅಲ್ಲಿಂದ 204ನೇ ನಂಬರಿನ ರ‍್ಯಾಪಿಡ್ ಪಿನಾಂಗ್ ಬಸ್ಸು ನೇರ ಬೆಟ್ಟದ ಬುಡಕ್ಕೆ ಹೋಗುತ್ತದೆ. ಟಿಕೆಟ್ಟು ಎರಡು ಮೂರು ರಿಂಗಿಟ್ (ಮಲೇಷ್ಯಾದ ಹಣ) ಅಷ್ಟೇ, ಆದರೆ ಡ್ರೈವರು ಚಿಲ್ಲರೆ ಕೊಡುವುದಿಲ್ಲ, ಸರಿಯಾದ ಮೊತ್ತ ಕೈಯಲ್ಲಿರಬೇಕು. ಊರೊಳಗೆಲ್ಲ ನಿಂತು ಹೋಗುವುದರಿಂದ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ನಾಲ್ಕು ಮಂದಿ ಇದ್ದರೆ ಫೋನಿನ ಆ್ಯಪ್‌ನಲ್ಲಿ ಕರೆಸುವ ಗ್ರ್ಯಾಬ್ ಕಾರೇ ವಾಸಿ, ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ. ರೂಪಾಯಿಯಲ್ಲಿ ಲೆಕ್ಕ ಹಾಕಿದರೂ ತಲೆಗೆ ಬೀಳುವುದು ಹಡಗಿನ ಟೂರಿನ ಚೂರು ಭಾಗ.

ಕೆಡುವುದು ಬೆಟ್ಟದ ರೈಲಿನ ಸಾಲಿನಲ್ಲಿ. ಮೇಲಕ್ಕೆ ಹೋಗಲು ಹತ್ತು ನಿಮಿಷವೂ ಬೇಡ, ಹತ್ತಲು ಮಾತ್ರ ರಜಾದಿನಗಳಲ್ಲಿ ಒಂದು ಗಂಟೆಗೂ ಮೀರಿ ನಿಲ್ಲಬೇಕಾಗಬಹುದು. ಇಳಿಯುವಾಗ ಮತ್ತೆ ಅದೇ ಸಾಲು. ಜನ ಮರೆಯುವುದು ಇದನ್ನೇ. ಬೆಳಿಗ್ಗೆ 10ರೊಳಗೆ ಬುಡದಲ್ಲಿದ್ದರೆ ಹತ್ತಿ. ಮಧ್ಯಾಹ್ನ ತಲುಪಿದರೆ ಬೆಟ್ಟ ಬಿಟ್ಟು ಹಿಂದಿರುಗುವ ದಾರಿಯಲ್ಲೇ ಇರುವ ಕೆಕ್ ಲೋಕ್ ಸಿ ಬೌದ್ಧ ದೇವಾಲಯ ನೋಡಿ ಬನ್ನಿ. ಹಡಗಿನ ಟೂರಿಗೆ ಬೆಲೆ ಬರುವುದು ಒಂದೇ ಸಂದರ್ಭದಲ್ಲಿ: ಅವರ ಟಿಕೆಟ್ಟಿನಲ್ಲಿ ಬೇಗ ಹತ್ತಿಸುವ ಪ್ರತ್ಯೇಕ ಸಾಲು ಸೇರಿದ್ದರೆ. ಬುಕ್ ಮಾಡುವ ಮೊದಲು ಅದನ್ನು ಕೇಳಿ.

ಪೋರ್ಟ್ ಕ್ಲಾಂಗ್: ಇಲ್ಲಿ ನಡಿಗೆಯವರು ಸೋಲುತ್ತಾರೆ

ಚೀಟಿಯಲ್ಲಿ ಕ್ವಾಲಾಲಂಪುರ ಎಂದು ಬರೆದಿರುತ್ತದೆ. ಹಡಗು ನಿಲ್ಲುವುದು ಅಲ್ಲಿಂದ ಒಂದೂಕಾಲು, ಒಂದೂವರೆ ಗಂಟೆ ದೂರದ ಪುಲಾವ್ ಇಂಡಾ ಅನ್ನುವ ದ್ವೀಪದಲ್ಲಿ. ಗೇಟಿನ ಹೊರಗೆ ಊರೂ ಇಲ್ಲ, ಅಂಗಡಿ ಬೀದಿಯೂ ಇಲ್ಲ. ಪೋರ್ಟ್ ಕ್ಲಾಂಗ್‌ನಿಂದ ಕ್ವಾಲಾಲಂಪುರಕ್ಕೆ ಲೋಕಲ್ ರೈಲಿದೆ ಅನ್ನುವ ಮಾತು ನಿಜವೇ, ಆದರೆ ಆ ನಿಲ್ದಾಣ ಇರುವುದು ಹಳೇ ಬಂದರಿನ ಪಕ್ಕ. ಅದನ್ನು ಮುಟ್ಟಲಿಕ್ಕೇ ಕಾರು ಬೇಕು, ರೈಲಿನಲ್ಲಿ ಮತ್ತೆ ಒಂದು ಗಂಟೆಗೂ ಹೆಚ್ಚು. ಗ್ರ್ಯಾಬ್ ಹೋಗುವಾಗ ಸಿಕ್ಕೀತು. ಸಂಜೆ ನಗರದಿಂದ ಬಂದರಿಗೆ ಬರಲು ಡ್ರೈವರುಗಳು ಹಿಂದೇಟು ಹಾಕುತ್ತಾರೆ, ಯಾಕೆಂದರೆ ವಾಪಸ್ ಬರುವಾಗ ಗಿರಾಕಿ ಸಿಗುವುದಿಲ್ಲ. ಹಡಗು ತಪ್ಪುವ ಭಯ ಹೆಚ್ಚಿರುವುದೇ ಈ ವಾಪಸಿನ ಹೊತ್ತಿನಲ್ಲಿ.

ಹಾಗಾಗಿ ಇಲ್ಲಿ ಪೈಪೋಟಿ ಹಡಗಿನ ಬಸ್ಸಿಗೂ ಹೊರಗಿನ ವ್ಯಾನಿಗೂ. ಹಡಗಿನವರು ತಲೆಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ, ವ್ಯಾನಿನವರು ಗಾಡಿಗೆ ಇಷ್ಟು ಅಂತ. ಇಬ್ಬರು ಮೂವರಿದ್ದರೆ ಬಸ್ಸಿಗೂ ವ್ಯಾನಿಗೂ ದೊಡ್ಡ ಫರಕು ಬೀಳುವುದಿಲ್ಲ, ನೆಮ್ಮದಿಗೋಸ್ಕರ ಬಸ್ಸೇ ಇರಲಿ. ಆರು ದಾಟಿದರೆ ವ್ಯಾನು ಸ್ಪಷ್ಟವಾಗಿ ಅಗ್ಗ. ಅದಕ್ಕಿಂತ ಮುಖ್ಯವಾಗಿ, ಮೊಣಕಾಲು ನೋವಿರುವ ಅವ್ವನನ್ನು ಕೆಳಗೆ ನೆರಳಲ್ಲಿ ಕೂಡಿಸಿ ಉಳಿದವರು ಮುರುಗನ ಗುಡಿಯಿರುವ ಬಟು ಗುಹೆಯ ಮೆಟ್ಟಿಲು ಹತ್ತಿ ಬರಬಹುದು. ಬಸ್ಸಿನಲ್ಲಿ ನಲವತ್ತು ಮಂದಿಯ ಗಡಿಯಾರಕ್ಕೆ ತಕ್ಕಂತೆ ನಡೆಯಬೇಕು.

ವ್ಯಾನಿನ ದಿನ ಹೀಗೆ ಕೂಡಿಬರುತ್ತದೆ. 9ಕ್ಕೆ ಬಂದರು ಬಿಟ್ಟರೆ ಹತ್ತೂಕಾಲು, ಹತ್ತೂವರೆಗೆ ಬಟು ಗುಹೆ. ಅಲ್ಲಿ ಒಂದೂಕಾಲು ಗಂಟೆ. ಹನ್ನೆರಡೂವರೆ ಹೊತ್ತಿಗೆ 452 ಮೀಟರ್ ಎತ್ತರದ ಪೆಟ್ರೋನಾಸ್ ಗೋಪುರಗಳ ಬುಡದಲ್ಲಿ ಫೋಟೊ, ಊಟ. 2ಕ್ಕೆ ಗಾಡಿ ಹತ್ತಲೇಬೇಕು. ಗೋಪುರದ ಮೇಲೆ ಹತ್ತುವ ಆಸೆ ಬಿಟ್ಟುಬಿಡಿ. ಅದಕ್ಕೆ ಗೊತ್ತಾದ ಸಮಯದ ಟಿಕೆಟ್ಟು ಬೇಕು, ಈ ದಿನಚರಿಯಲ್ಲಿ ಕೂರುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದರೆ ನಗರದ ರಸ್ತೆ ಕಟ್ಟಿಕೊಳ್ಳುತ್ತದೆ, ಅದಕ್ಕೇ ಆ 2 ಗಂಟೆಯ ಗಡುವು.

ಬಟು ಗುಹೆಗೆ 272 ಮೆಟ್ಟಿಲು. ಅಂಜನಾದ್ರಿಯ 575 ಹತ್ತಿದವರಿಗೆ ಇದು ಅರ್ಧವೂ ಅಲ್ಲ ಅನ್ನಿಸಬಹುದು, ಆದರೆ ಇಲ್ಲಿ ಸುಸ್ತು ಮಾಡುವುದು ಮೆಟ್ಟಿಲಲ್ಲ, ತೇವ. ರಾಯಚೂರು, ಬಳ್ಳಾರಿಯ 42 ಡಿಗ್ರಿಯಲ್ಲಿ ಬೆವರು ಆರಿ ಮೈ ತಂಪಾಗುತ್ತದೆ. ಇಲ್ಲಿ 32 ಡಿಗ್ರಿಯಲ್ಲೂ ಬೆವರು ಆರುವುದೇ ಇಲ್ಲ, ಮೈ ಕಾವು ಒಳಗೇ ಉಳಿಯುತ್ತದೆ. ನಮ್ಮ ಬಿಸಿಲು ಕಂಡವರು ಅನ್ನುವ ಧೈರ್ಯದಲ್ಲಿ ನೀರು ಕಡಿಮೆ ಕುಡಿದವರೇ ಮೊದಲು ತಲೆ ಹಿಡಿದು ಕೂರುತ್ತಾರೆ. ತಲೆಗೆ ಒಂದು ಲೀಟರ್ ನೀರು, ಒಂದು ಓಆರ್‌ಎಸ್ ಪುಡಿ ಇರಲಿ. ಮೊಣಕಾಲು ಕಾಣುವ ಚಡ್ಡಿ ಹಾಕಿದ ಹೆಂಗಸರಿಗೆ ಮೇಲೆ ಬಿಡುವುದಿಲ್ಲ, ಬುಡದಲ್ಲೇ ಬಟ್ಟೆ ಬಾಡಿಗೆಗೆ ಸಿಗುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯಬೇಡಿ, ಹಂಪಿಯ ಕೋತಿಗಳಿಗೆ ಇವು ಏನೂ ಕಡಿಮೆಯಿಲ್ಲ.

ಫುಕೆಟ್: ದೋಣಿಯ ಲೆಕ್ಕ ತಪ್ಪಿದರೆ ದಿನವೇ ಹೋಯಿತು

ಮೂರರಲ್ಲಿ ಹೆಚ್ಚು ಯೋಚಿಸಬೇಕಾದ ಬಂದರು ಇದು. ಹಡಗು ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕುತ್ತದೋ, ಆವೊ ಮಾಖಾಮ್ ಬಂದರಿನಲ್ಲಿ ಕಟ್ಟುತ್ತದೋ ಅನ್ನುವುದನ್ನು ಏಜೆಂಟರಿಂದ ಕೇಳಿ ಬರೆಸಿಕೊಳ್ಳಿ. ಆವೊ ಮಾಖಾಮ್ ಆದರೆ ನೇರ ದಡಕ್ಕೆ ಇಳಿಯುತ್ತೀರಿ, ಆದರೆ ಪಟಾಂಗ್ ಬೀಚು ದ್ವೀಪದ ಆಚೆ ಬದಿಗೆ ಉಳಿಯುತ್ತದೆ. ಪಟಾಂಗ್ ಆದರೆ ಹಡಗಿನಿಂದ ದಡಕ್ಕೆ ಸಣ್ಣ ದೋಣಿ, ಅಂದರೆ ಟೆಂಡರ್. ಮೊದಲ ದೋಣಿಗಳು ಹಡಗಿನ ಟೂರು ಕೊಂಡವರಿಗೆ. ಉಳಿದವರಿಗೆ ನಂಬರ್ ಚೀಟಿ, ಸರದಿ ಬರುವಾಗ ಒಂದು ಗಂಟೆ ಮೀರಿರುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಾರುತದ ಅಲೆ ಈ ಪಶ್ಚಿಮ ದಡಕ್ಕೇ ಹೊಡೆಯುವುದರಿಂದ ಇಳಿಯುವುದೇ ರದ್ದಾಗಬಹುದು. ಹಾಗಾದರೆ ಹಡಗಿನ ಟೂರಿನ ದುಡ್ಡು ವಾಪಸ್ ಬರುತ್ತದೆ. ಹೊರಗಿನವರಿಗೆ ಕೊಟ್ಟ ಮುಂಗಡ ಬರುವುದು ನೀವು ಮೊದಲೇ ಮಾತಾಡಿದ್ದರೆ ಮಾತ್ರ.

ಫಿ ಫಿ ದ್ವೀಪದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹೊರಗಿನ ಸ್ಪೀಡ್‌ಬೋಟ್ ಟೂರುಗಳು ಅಗ್ಗ, ಬಹುಪಾಲು ಚೆನ್ನಾಗಿಯೂ ಇರುತ್ತವೆ. ಆದರೆ ಅವು ಹೋಟೆಲಿನಲ್ಲಿ ಉಳಿದವರಿಗಾಗಿ ಇರುವಂಥವು: ಬೆಳಿಗ್ಗೆ 8-9ಕ್ಕೆ ಫುಕೆಟ್ ದ್ವೀಪದ ಪೂರ್ವ ಬದಿಯಿಂದ ಹೊರಟು ಸಂಜೆ 4-5ಕ್ಕೆ ಮರಳುತ್ತವೆ. ಪಟಾಂಗಿನಲ್ಲಿ ಟೆಂಡರ್ ಇಳಿದು ಗುಡ್ಡ ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಬೋಟು ಹೋಗಿರುತ್ತದೆ. ಫಿ ಫಿ ಬೇಕೇಬೇಕು ಅಂದರೆ ಹಡಗಿನ ಟೂರೇ ಸರಿ, ಅಥವಾ ಏಳೆಂಟು ಮಂದಿ ಸೇರಿ ಇಡೀ ಬೋಟನ್ನೇ ಬಾಡಿಗೆ ಹಿಡಿಯಬೇಕು. ಎರಡರಲ್ಲೂ ಒಂದು ದಾರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೋಟಿನ ಎತ್ತಾಟ ಇದ್ದೇ ಇರುತ್ತದೆ. ಗರ್ಭಿಣಿಯರು, ಬೆನ್ನು ನೋವಿನವರು ಹತ್ತಲೇಬಾರದು. ಉಳಿದವರು ಮುಂಭಾಗದ ಸೀಟಿಗೆ ಆಸೆಪಡದೆ ಹಿಂದೆ ಇಂಜಿನ್ ಹತ್ತಿರ ಕೂರಿ, ಅಲೆಗೆ ಎದ್ದು ಬೀಳುವುದು ಮುಂದಿನ ತುದಿಯೇ. ವಾಂತಿ ತಡೆಯುವ ಮಾತ್ರೆಯನ್ನು ಊರಲ್ಲೇ ಡಾಕ್ಟರನ್ನು ಕೇಳಿ ತಂದಿಟ್ಟುಕೊಂಡು ಬೋಟು ಹತ್ತುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿ ಪ್ರಯೋಜನವಿಲ್ಲ. ಸೀರೆ ಬೇಡ. ಮೊಣಕಾಲುದ್ದ ನೀರಿಗೆ ಇಳಿಯಬೇಕಾಗುತ್ತದೆ.

ದರದಲ್ಲಿ ರಾಷ್ಟ್ರೀಯ ಉದ್ಯಾನದ ಶುಲ್ಕ ಸೇರಿದೆಯೇ ಎಂದು ಕೇಳಿ. ಫಿ ಫಿ ಕಡೆ ದೊಡ್ಡವರಿಗೆ 400 ಬಾತ್ (ಥಾಯ್ಲೆಂಡಿನ ಹಣ), ಇನ್ನೊಂದು ದೋಣಿ ಟೂರಿನ ಜಾಗವಾದ ಫಾಂಗ್ ನ್ಗಾ ಕೊಲ್ಲಿ ಕಡೆ 300. ಹಲವು ಅಗ್ಗದ ಟೂರುಗಳು ಇದನ್ನು ದೋಣಿ ಹತ್ತಿದ ಮೇಲೆ ವಸೂಲಿ ಮಾಡುತ್ತವೆ. ಫೋಟೊಗಳಲ್ಲಿ ಕಾಣುವ ಫಿ ಫಿಯ ಮಾಯಾ ಬೇ ಕೊಲ್ಲಿ 2018ರಲ್ಲಿ ಹವಳ ಚೇತರಿಸಿಕೊಳ್ಳಲೆಂದು ಮುಚ್ಚಿ 2022ರಲ್ಲಿ ತೆರೆದ ಜಾಗ. ಈಗ ದೋಣಿ ಹಿಂಬದಿಗೆ ನಿಲ್ಲುತ್ತದೆ, ನಡೆದು ಹೋಗಬೇಕು, ಈಜುವಂತಿಲ್ಲ; ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಚ್ಚಿರುತ್ತದೆ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆನ್ಜೋನ್ ಥರದ ರಾಸಾಯನಿಕವಿರುವ ಸನ್‌ಸ್ಕ್ರೀನನ್ನು ಥಾಯ್ಲೆಂಡಿನ ಕಡಲ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಿದ್ದಾರೆ, ಟ್ಯೂಬಿನ ಹಿಂಬದಿ ಓದಿಕೊಳ್ಳಿ.

ವಯಸ್ಸಾದವರಿರುವ ಗುಂಪಿಗೆ ನಮ್ಮ ಆಯ್ಕೆ ಫಿ ಫಿ ಅಲ್ಲವೇ ಅಲ್ಲ. ಪಟಾಂಗಿನಿಂದ ಅರ್ಧ ದಿನಕ್ಕೆ ವ್ಯಾನು ಹಿಡಿದು ಕರೋನ್ ವ್ಯೂಪಾಯಿಂಟ್, ವಾಟ್ ಚಲೋಂಗ್ ದೇವಾಲಯ, ಫುಕೆಟ್ ಹಳೇ ಪಟ್ಟಣದ ತಲಾಂಗ್ ಬೀದಿ ಮುಗಿಸಿ ಬಂದರೆ ಸಾಕು. ದಡದಲ್ಲಿ ಕಾಯುವ ಟ್ಯಾಕ್ಸಿಯವರು ತಲೆ ಲೆಕ್ಕ ಹೇಳಿದರೆ ಒಪ್ಪಬೇಡಿ. ಇಡೀ ಗಾಡಿಗೆ, ಇಷ್ಟು ತಾಸಿಗೆ, ಇಷ್ಟು ಜಾಗಕ್ಕೆ ಎಷ್ಟು ಅಂತ ಕಾಗದದ ಮೇಲೆ ಬರೆಸಿ. ಅದರಲ್ಲೇ ‘ಅಂಗಡಿ ನಿಲುಗಡೆ ಇಲ್ಲ’ ಅಂತಲೂ ಬರೆಸಿ, ಇಲ್ಲದಿದ್ದರೆ ಹರಳಿನ ಅಂಗಡಿ, ಗೋಡಂಬಿ ಅಂಗಡಿಯಲ್ಲೇ ಒಂದು ಗಂಟೆ ಕರಗುತ್ತದೆ. ಈ ಕಾಯಿಲೆ ಹಡಗಿನ ಟೂರಿಗೂ ಇಲ್ಲದಿಲ್ಲ. ಸಸ್ಯಾಹಾರಿಗಳು ಅನ್ನ, ಪಲ್ಯ ಅಂತ ನಂಬಿ ಕೂರಬೇಡಿ, ಮೀನಿನ ಸಾಸು ಎಲ್ಲದರಲ್ಲೂ ಇರುತ್ತದೆ. ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇರುವ ‘ಜೇ’ ಅಂಗಡಿ ಹುಡುಕಿ. ಅಲ್ಲಿ ಮಾಂಸ, ಮೊಟ್ಟೆ, ಮೀನಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ.

ಗಡಿಯಾರದ ಮಾತು ಫುಕೆಟ್‌ನಲ್ಲೇ ಹೇಳಬೇಕು. ಸಿಂಗಪುರ, ಮಲೇಷ್ಯಾದ ಸಮಯ ಒಂದೇ. ಥಾಯ್ಲೆಂಡ್ ಅದಕ್ಕಿಂತ ಒಂದು ಗಂಟೆ ಹಿಂದೆ. ಹಡಗು ತನ್ನ ಗಡಿಯಾರ ಬದಲಿಸದೇ ಇರಬಹುದು, ನಿಮ್ಮ ಫೋನು ಮಾತ್ರ ದಡದ ಸಿಗ್ನಲ್ ಸಿಕ್ಕ ಕೂಡಲೇ ತಾನಾಗಿಯೇ ಬದಲಾಗುತ್ತದೆ. ಫೋನಿನಲ್ಲಿ 4 ಎಂದು ನೆಮ್ಮದಿಯಿಂದಿದ್ದರೆ ಹಡಗಿನಲ್ಲಿ 5 ಆಗಿರುತ್ತದೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟು ಅದನ್ನೊಂದೇ ನಂಬಿ, ಕೊನೆಯ ಟೆಂಡರ್ ಎಷ್ಟಕ್ಕೆ ಅನ್ನುವುದನ್ನು ಇಳಿಯುವಾಗಲೇ ಫೋಟೊ ತೆಗೆದುಕೊಳ್ಳಿ. ಸಮುದ್ರದಲ್ಲಿರುವಾಗ ಫೋನು ಏರೋಪ್ಲೇನ್ ಮೋಡಿನಲ್ಲಿರಲಿ, ಹಡಗಿನ ನೆಟ್‌ವರ್ಕಿಗೆ ಅಂಟಿಕೊಂಡರೆ ಬಿಲ್ಲು ಕೈ ಸುಡುತ್ತದೆ.

ಯಾವ ದಾರಿ ಹಿಡಿದರೂ ಇಳಿಯುವಾಗ ಹಡಗಿನ ಕಾರ್ಡು, ಪಾಸ್‌ಪೋರ್ಟಿನ ನಕಲು, ಸಿಂಗಪುರ ವೀಸಾದ ನಕಲು, ಹಡಗಿನ ಏಜೆಂಟರ ಫೋನ್ ನಂಬರು ಜೇಬಿನಲ್ಲಿರಬೇಕು. ಸಿಂಗಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರುವಂಥದ್ದೇ ಅಂತ ಊರಲ್ಲೇ ನೋಡಿಕೊಳ್ಳಿ, ಯಾಕೆಂದರೆ ಕ್ರೂಸು ಮುಗಿಸಿ ನೀವು ಮತ್ತೆ ಆ ದೇಶವನ್ನು ಹೊಸದಾಗಿ ಪ್ರವೇಶಿಸುತ್ತೀರಿ. ಸಿಂಗಪುರದ ಆಗಮನ ಕಾರ್ಡನ್ನೂ ಎರಡನೇ ಸಲ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ವೆಬ್‌ಸೈಟು ಸರ್ಕಾರದ್ದಲ್ಲ.

ಕೊನೆಯ ದಿನ ಸಿಂಗಪುರದಲ್ಲಿ ಇಳಿಯುವಾಗ ಮಾತ್ರ ಹಡಗಿನ ಟೂರನ್ನು ಇನ್ನೊಮ್ಮೆ ಪರಿಗಣಿಸಬಹುದು. ಬೆಂಗಳೂರು, ಹೈದರಾಬಾದಿನ ವಿಮಾನ ರಾತ್ರಿ ಇದ್ದು, ಬೆಳಿಗ್ಗೆ 9ಕ್ಕೇ ಸೂಟ್‌ಕೇಸುಗಳ ಸಮೇತ ಹೊರಗೆ ನಿಲ್ಲಬೇಕಾದರೆ, ಸಾಮಾನು ಬಸ್ಸಿನ ಹೊಟ್ಟೆಗೆ ಹಾಕಿ ಊರು ಸುತ್ತಿಸಿ ಚಾಂಗಿ ವಿಮಾನ ನಿಲ್ದಾಣಕ್ಕೇ ಬಿಡುವ ಟೂರು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದೊಂದೇ ಬ್ಯಾಗಿನ ಚಿಕ್ಕ ಗುಂಪಾದರೆ ಅದೂ ಬೇಡ. ಮರೀನಾ ಸೌತ್ ಪಿಯರ್ ಮೆಟ್ರೊ ನಿಲ್ದಾಣ ಕ್ರೂಸ್ ಸೆಂಟರಿನ ಹತ್ತಿರವೇ ಇದೆ.