ಪೈರೀನ್: ಮಿಸೆಲ್ ಕೆಲಸಕ್ಕೆ ಕಣ್ಣುಮುಚ್ಚಿ ತಗೊಳ್ಳಿ, ಪೊರೆಗಾದರೆ ಯೋಚಿಸಿ

ದಾವಣಗೆರೆಯಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಸರ್ಫ್ಯಾಕ್ಟಂಟ್ (ಸೋಪಿನಂಥ ವಸ್ತು) ಪ್ರಯೋಗ ಮಾಡಿಸಲು ಹಲವು ವರ್ಷಗಳಿಂದ ಪೈರೀನ್ ಬಳಸುತ್ತಿದ್ದೇನೆ. ಇದೊಂದು ಪ್ರೋಬ್: ಬೆಳಕು ಬಿದ್ದರೆ ತಾನೂ ಬೆಳಕು ಸೂಸಿ, ಸುತ್ತಲಿನ ಜಾಗ ಹೇಗಿದೆ ಎಂದು ತಿಳಿಸುತ್ತದೆ. ಬೆಂಗಳೂರಿನಿಂದ ಒಂದು ಸಣ್ಣ ಬಾಟಲಿ ತರಿಸಿದರೆ ಮುಗಿಯುವುದೇ ಇಲ್ಲ. ಒಂದು ಸಲಕ್ಕೆ ಬೇಕಾಗುವುದು ಒಂದು ಮೈಕ್ರೋಮೋಲಾರ್‌ಗಿಂತ ಕಡಿಮೆ. ಅದಕ್ಕಿಂತ ಜಾಸ್ತಿ ನೀರಿನಲ್ಲಿ ಕರಗುವುದೂ ಇಲ್ಲ.

ನನಗೆ ಇದು ಇಷ್ಟವಾಗುವುದು ಅದು ಸೂಸುವ ಬೆಳಕಿನ ಎರಡು ಪೀಕ್‌ಗಳಿಗಾಗಿ. 335 ನ್ಯಾನೋಮೀಟರ್ ಬೆಳಕು ಕೊಟ್ಟರೆ 373ರ ಹತ್ತಿರ ಒಂದು, 384ರ ಹತ್ತಿರ ಇನ್ನೊಂದು ಏಳುತ್ತವೆ. ನೀರಿನಲ್ಲಿ ಮೊದಲನೆಯದೇ ಎತ್ತರ, ಅನುಪಾತ 1.8ರ ಆಸುಪಾಸು. ಎಸ್‌ಡಿಎಸ್ ಎಂಬ ಸರ್ಫ್ಯಾಕ್ಟಂಟನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗಿ. ಮೊದಮೊದಲು ಹೆಚ್ಚೇನೂ ಬದಲಾಗದು. 8 ಮಿಲಿಮೋಲಾರ್ ಹತ್ತಿರ ಬಂದಂತೆ ಅದರ ಅಣುಗಳು ಬಾಲ ಒಳಗಿಟ್ಟು ಸಣ್ಣ ಗುಂಪುಗಳಾಗಿ, ಅಂದರೆ ಮಿಸೆಲ್‌ಗಳಾಗಿ, ಕಟ್ಟಿಕೊಳ್ಳುತ್ತವೆ, ಪೈರೀನ್ ನೀರು ಬಿಟ್ಟು ಅವುಗಳೊಳಗೆ ಸೇರುತ್ತದೆ. ಮೊದಲ ಪೀಕ್ ಕುಗ್ಗಿ ಎರಡೂ ಹೆಚ್ಚುಕಮ್ಮಿ ಸಮ ನಿಲ್ಲುತ್ತವೆ, ಅನುಪಾತ 1.1-1.2ಕ್ಕೆ ಇಳಿಯುತ್ತದೆ. ಅದನ್ನು ಸ್ಕ್ರೀನಿನ ಮೇಲೆ ನೋಡಿದ ಹುಡುಗರಿಗೆ ಸಿಎಂಸಿ (ಮಿಸೆಲ್ ಕಟ್ಟತೊಡಗುವ ಸಾಂದ್ರತೆ) ಏನೆಂದು ಮತ್ತೆ ಹೇಳಬೇಕಾಗಿಲ್ಲ.

ಆದರೆ ಉಪಕರಣದಲ್ಲಿ ಬೆಳಕು ಹಾಯುವ ಸ್ಲಿಟ್ ಕಿರಿದಾಗಿರಲಿ. ಅಗಲ ಇಟ್ಟರೆ ಪೀಕ್‌ಗಳು ಬೆರೆತು ಅನುಪಾತವೇ ಸುಳ್ಳಾಗುತ್ತದೆ. ಒಂದು ಸಲ ಬಂದ ಪೈರೀನ್ ಪುಡಿ ಹಳದಿಯಾಗಿತ್ತು, ಅಂದರೆ ಶುದ್ಧವಿರಲಿಲ್ಲ, ಎಥನಾಲ್‌ನಲ್ಲಿ ಮತ್ತೆ ಹರಳುಗಟ್ಟಿಸಿ ಬಳಸಬೇಕಾಯಿತು. ಪೈರೀನ್ ಜಾಸ್ತಿ ಹಾಕಿದರೆ ಒಂದೇ ಮಿಸೆಲ್‌ನಲ್ಲಿ ಎರಡು ಅಣು ಜೋಡಿಯಾಗಿ 470ರ ಸುತ್ತ ಅಗಲವಾದ ಉಬ್ಬು ಬರುತ್ತದೆ. ಇನ್ನು ನಮ್ಮೂರಿನ ಡಿಸೆಂಬರ್ ಚಳಿಗೆ ಸಿಟಿಎಬಿ ಎಂಬ ಇನ್ನೊಂದು ಸರ್ಫ್ಯಾಕ್ಟಂಟ್‌ನ ದ್ರಾವಣ ಬೆಳಗಾಗುವಷ್ಟರಲ್ಲಿ ಹರಳುಗಟ್ಟಿದ್ದರೆ ಪೈರೀನ್ ತಪ್ಪಲ್ಲ. ಸುಮಾರು 25 ಡಿಗ್ರಿಗಿಂತ ಕೆಳಗೆ ಸಿಟಿಎಬಿ ಸ್ವಭಾವವೇ ಹಾಗೆ. ಬೆಚ್ಚಗೆ ಮಾಡಿ ಅಳೆಯಿರಿ.

ನನ್ನ ದೊಡ್ಡ ತಕರಾರು ಬೇರೆ. ಆ 1.1 ಅನ್ನು ಮಿಸೆಲ್‌ನ ನಡುವಿನ ಗುಣ ಎಂದು ರೆಕಾರ್ಡಿನಲ್ಲಿ ಬರೆದುಬಿಡುತ್ತಾರೆ. ನಡುವೆ ಇರುವುದು ಬರೀ ಹೈಡ್ರೋಕಾರ್ಬನ್ ಬಾಲಗಳು. ಬರೀ ಹೈಡ್ರೋಕಾರ್ಬನ್ ಆಗಿರುವ ಸೈಕ್ಲೋಹೆಕ್ಸೇನ್ ದ್ರವದಲ್ಲಿ ಇದೇ ಅನುಪಾತ 0.6ರ ಸುತ್ತ ಬರುತ್ತದೆ ಅಲ್ವಾ? ಅಂದರೆ ಪೈರೀನ್ ಹೆಚ್ಚಾಗಿ ಕೂತಿರುವುದು ಅಂಚಿನಲ್ಲಿ, ನೀರು ತಾಕುವ ಕಡೆ. ಯಾವ ಪ್ರೋಬ್ ಆದರೂ ತಾನು ಕೂತ ಜಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ಇದನ್ನು ಮೊದಲ ಕ್ಲಾಸಿನಲ್ಲೇ ಕಲಿಸಬೇಕು.

ಲಿಪಿಡ್ (ಕೊಬ್ಬಿನ ಜಾತಿಯ ಅಣು) ಪೊರೆ ಎಷ್ಟು ಬಿಗಿ, ಎಷ್ಟು ಸಡಿಲ ಎಂದು ತಿಳಿಯಲು ನಾನು ಲಾರ್ಡಾನ್ ಎಂಬ ಇನ್ನೊಂದು ಪ್ರೋಬ್ ಕಡೆಗೇ ಹೋಗುತ್ತೇನೆ. ಡಿಪಿಪಿಸಿ ಎಂಬ ಲಿಪಿಡ್‌ನ ಪೊರೆ 41 ಡಿಗ್ರಿ ದಾಟಿ ಸಡಿಲವಾದಾಗ ಒಳಗೆ ನೀರು ನುಸುಳುತ್ತದೆ, ಲಾರ್ಡಾನ್ ಬೆಳಕು 440 ನ್ಯಾನೋಮೀಟರ್‌ನಿಂದ 490ರ ಕಡೆ ಸರಿಯುತ್ತದೆ. ಬೆಲೆ ಮಾತ್ರ ಜಾಸ್ತಿ. ಹಾಗಾಗಿ ಕ್ಲಾಸಿಗೆಲ್ಲ ಪೈರೀನ್, ಪೊರೆಯ ಪ್ರಾಜೆಕ್ಟ್ ಹಿಡಿದವರಿಗೆ ಮಾತ್ರ ಲಾರ್ಡಾನ್ ತರಿಸುತ್ತೇನೆ.