ಅಡಿಕೆ ಮನೆಯ ನೆಲಕ್ಕೆ ಎಪಾಕ್ಸಿ: ಶಿವಮೊಗ್ಗದ ತಂಡವೊಂದರ ಕೆಲಸ ಹೇಗಿದೆ?

ಕಾರ್ಖಾನೆಗಳಿಗೂ ವಾಹನ ದುರಸ್ತಿಯ ಶೆಡ್ಡುಗಳಿಗೂ ಎಪಾಕ್ಸಿ (ಎರಡು ದ್ರವ ಕಲಸಿ ಬಳಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನಂಥ ಲೇಪನ) ನೆಲ ಹಾಕಿಕೊಡುವ ಶಿವಮೊಗ್ಗದ ಒಂದು ತಂಡ ತೀರ್ಥಹಳ್ಳಿ ಸೀಮೆಯ ನಮ್ಮ ಅಡಿಕೆ ಮನೆಯಲ್ಲಿ ಮಾಡಿದ ಕೆಲಸ ಈಗ ಒಂದು ಮಳೆಗಾಲವನ್ನೂ ಒಂದು ಕೊಯ್ಲನ್ನೂ ದಾಟಿದೆ. ಸುಲಿಯುವ ಯಂತ್ರದ ಕೋಣೆಯಲ್ಲಾಗಲಿ ಚೀಲ ಇಡುವ ಉಗ್ರಾಣದಲ್ಲಾಗಲಿ ಲೇಪನ ಎಲ್ಲಿಯೂ ಎದ್ದಿಲ್ಲ. ಹೊರಗಿನ ಜಗಲಿಯಲ್ಲಿ ಮಾತ್ರ ಬಣ್ಣ ಕೆಟ್ಟಿದೆ, ಅದರ ಬಗ್ಗೆ ನನ್ನ ತಕರಾರಿದೆ. ಒಟ್ಟಿನಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಆ ಹಣ ಡಬ್ಬಿಯೊಳಗಿನ ಮಾಲಿಗಿಂತ ಹೆಚ್ಚಾಗಿ ಅದನ್ನು ಕಲಸಿದವರ ಶಿಸ್ತಿಗೆ ಸಂದಿತೆಂಬುದು ನನ್ನ ಅಭಿಪ್ರಾಯ.

ಮಲೆನಾಡಿನ ಅಡಿಕೆ ಮನೆಯ ಸಿಮೆಂಟು ನೆಲಕ್ಕೆ ಎರಡು ಕಾಟಗಳಿವೆ. ಬೇಯಿಸಿದ ಅಡಿಕೆಯಿಂದ ಸೋರುವ ಚೊಗರು ಒಮ್ಮೆ ನೆಲದೊಳಕ್ಕೆ ಇಳಿದರೆ ಯಾವ ಸೋಪಿಗೂ ಬಿಡುವುದಿಲ್ಲ. ನೆಲ ಹಳತಾದಂತೆ ಏಳುವ ಸಿಮೆಂಟಿನ ಧೂಳು ಒಣಗಿದ ಅಡಿಕೆಗೆ ಮೆತ್ತಿಕೊಳ್ಳುತ್ತದೆ. ಎಪಾಕ್ಸಿ ಇವೆರಡನ್ನೂ ತಡೆಯುತ್ತದೆ. ಆದರೆ ನಮ್ಮ ಕಡೆಯ ನೆಲಗಳಿಗೆ ಕೆಳಗಿನಿಂದ ಬರುವ ಥಂಡಿಯೇ ಅದರ ದೊಡ್ಡ ವೈರಿ. ತಂಡದವರು ಬಂದ ಮೊದಲ ದಿನ ಯಂತ್ರವನ್ನೂ ತರಲಿಲ್ಲ, ಬಣ್ಣವನ್ನೂ ತರಲಿಲ್ಲ. ಸುಮಾರು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಗಳನ್ನು ಅಲ್ಲಲ್ಲಿ ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಹೋದರು. ಹದಿನಾರು ಗಂಟೆಯಾದರೂ ಬಿಟ್ಟು ನೋಡಿದಾಗ ಹಾಳೆಯ ಅಡಿಯಲ್ಲಿ ಹನಿಗಟ್ಟಿದ್ದರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ಆ ಜಾಗ ಲೇಪನಕ್ಕೆ ಸಿದ್ಧವಿಲ್ಲವೆಂದು ಅರ್ಥ. ಧರೆಯ ಕಡೆಯ ಗೋಡೆಯ ಬುಡದಲ್ಲಿ ಹಾಗೆಯೇ ಆಗಿತ್ತು. ಹೊರಗಿನ ಚರಂಡಿಯನ್ನು ಸರಿಪಡಿಸಿ, ಯುಗಾದಿ ಕಳೆದ ಮೇಲೆ ಕರೆಯಿರಿ ಎಂದು ಹೇಳಿ ಹಿಂತಿರುಗಿದರು. ಸಿಕ್ಕಿದ ಕೆಲಸವನ್ನು ಹೀಗೆ ಮುಂದೂಡುವವರು ಕಡಿಮೆ. ಹೊಸ ಕಾಂಕ್ರೀಟಾದರೆ ಕನಿಷ್ಠ 28 ದಿನ ಕಳೆದಿರಬೇಕೆಂಬುದು ರೂಢಿಯ ಲೆಕ್ಕ. ಆಷಾಢದಲ್ಲಿ ಹಾಕಿದ ಕಾಂಕ್ರೀಟಿಗೆ ನಮ್ಮಲ್ಲಿ ಆ ಲೆಕ್ಕ ಸಾಲದು.

ಎರಡನೆಯ ಬಾರಿ ಬಂದಾಗ ವಜ್ರದ ಹಲ್ಲಿನ ಗ್ರೈಂಡರಿನಿಂದ ನೆಲದ ಮೇಲ್ಪದರವನ್ನು ತೆಗೆದು, ವ್ಯಾಕ್ಯೂಮಿನಿಂದ ಧೂಳು ಎಳೆದರು. ಆಸಿಡ್ ಸುರಿದು ತೊಳೆಯುವ ಅಗ್ಗದ ದಾರಿ ಬೇಡವೆಂದು ಮೊದಲೇ ಹೇಳಿದ್ದರು, ಏಕೆಂದರೆ ಅದು ಒಣಗಿದ ನೆಲಕ್ಕೆ ಮತ್ತೆ ನೀರು ಕುಡಿಸುತ್ತದೆ.

ನಾನು ಬಹಳ ಹೊತ್ತು ನಿಂತು ನೋಡಿದ್ದು ಕಲಸುವ ಕೆಲಸವನ್ನು. ಎಪಾಕ್ಸಿ ಎರಡು ಡಬ್ಬಿಗಳಲ್ಲಿ ಬರುತ್ತದೆ: ಪಾರ್ಟ್ ಎ ಎಂಬುದು ಅಂಟಿನಂಥ ರೆಸಿನ್, ಪಾರ್ಟ್ ಬಿ ಎಂಬುದು ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್. ಫೈಬರಿನ ಕೆಲಸ ಮಾಡಿ ಬಂದವರಿಗೆ ಹಾರ್ಡ್‌ನರ್ ತುಸು ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆಂಬ ನಂಬಿಕೆ ಇರುತ್ತದೆ. ಆ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನಿನಲ್ಲಿ ಅದು ಒಂದು ಮಿತಿಯವರೆಗೆ ನಿಜವೂ ಹೌದು. ಎಪಾಕ್ಸಿಯಲ್ಲಿ ಹಾಗಲ್ಲ. ಇಲ್ಲಿ ರೆಸಿನಿನ ಅಣುಗಳೂ ಹಾರ್ಡ್‌ನರಿನ ಅಣುಗಳೂ ಜೋಡಿಯಾಗಿ ಬೆಸೆದುಕೊಂಡೇ ಘನವಾಗಬೇಕು. ಯಾವುದು ಹೆಚ್ಚಾದರೂ ಜೋಡಿ ಸಿಗದ ಭಾಗ ಒಳಗೆ ಉಳಿದು ನೆಲ ಅಂಟಂಟಾಗಿಯೋ ಮೆತ್ತಗೋ ಇರುತ್ತದೆ, ಎಷ್ಟು ತಿಂಗಳು ಕಾದರೂ ಸರಿಹೋಗುವುದಿಲ್ಲ. ಅಳತೆ ಗಾತ್ರದ್ದೋ ತೂಕದ್ದೋ ಎಂಬುದನ್ನೂ ನೋಡಬೇಕು. ಬಣ್ಣವಿಲ್ಲದ ರೆಸಿನ್ ಲೀಟರಿಗೆ ಸುಮಾರು 1.15 ಕಿಲೋ ತೂಗಿದರೆ ಹಾರ್ಡ್‌ನರ್ ಸುಮಾರು ಒಂದು ಕಿಲೋ ತೂಗುತ್ತದೆ. ಆದ್ದರಿಂದ ಗಾತ್ರದಲ್ಲಿ ಎರಡಕ್ಕೆ ಒಂದು ಎಂದು ಬರೆದಿರುವುದನ್ನು ತಕ್ಕಡಿಯಲ್ಲಿ ಎರಡಕ್ಕೆ ಒಂದು ಎಂದು ತೂಗಿದರೆ ಪ್ರಮಾಣ ತಪ್ಪುತ್ತದೆ. ಈ ತಂಡದ ಮೇಸ್ತ್ರಿ ಗೀಟು ಹಾಕಿದ ಪಾತ್ರೆಗಳಲ್ಲಿ ಅಳೆದು, ಪ್ರತಿ ಸಲವೂ ಇನ್ನೊಬ್ಬನಿಂದ ಗಟ್ಟಿಯಾಗಿ ಓದಿಸಿಕೊಂಡು ನಂತರವೇ ಸುರಿಯುತ್ತಿದ್ದರು.

ಡ್ರಿಲ್ಲಿಗೆ ಕಲಸುವ ಕಡ್ಡಿ ಸಿಕ್ಕಿಸಿ ನಿಧಾನ ವೇಗದಲ್ಲಿ ತಿರುಗಿಸುತ್ತಿದ್ದರು, ಏಕೆಂದರೆ ಜೋರಾಗಿ ತಿರುಗಿಸಿದರೆ ಗಾಳಿ ಸೇರಿ ಗುಳ್ಳೆಗಳಾಗುತ್ತವೆ. ನಡುವೆ ನಿಲ್ಲಿಸಿ ಚಪ್ಪಟೆ ಪಟ್ಟಿಯಿಂದ ಬಕೆಟ್ಟಿನ ಬದಿಯನ್ನೂ ತಳದ ಮೂಲೆಯನ್ನೂ ಕೆರೆದು ಮತ್ತೆ ಕಲಸುತ್ತಿದ್ದರು. ಇಷ್ಟಾದ ಮೇಲೂ ಎಲ್ಲವನ್ನೂ ಇನ್ನೊಂದು ಒಣ ಬಕೆಟ್ಟಿಗೆ ಬಗ್ಗಿಸಿ ಎರಡನೆಯ ಸಲ ಕಲಸಿದರು. ಮೊದಲ ಬಕೆಟ್ಟಿನ ಗೋಡೆಗೆ ಅಂಟಿಕೊಂಡಿರುವುದು ಸರಿಯಾಗಿ ಬೆರೆಯದ ಮಾಲು. ಅದನ್ನು ಬಳಿದು ನೆಲಕ್ಕೆ ಹಾಕಿದರೆ ಅಲ್ಲಲ್ಲಿ ಒಣಗದ ಕಲೆಗಳು ಉಳಿಯುತ್ತವೆ. ಖಾಲಿ ಬಕೆಟ್ಟನ್ನು ನೆಲದ ಮೇಲೆ ಬೋರಲು ಹಾಕಿ ಕೊನೆಯ ಹನಿಯನ್ನೂ ಸೋರಿಸುವ ಜಿಪುಣತನ ಬೇರೆ ಕಡೆ ಕಂಡಿದ್ದೇನೆ, ಇಲ್ಲಿ ಕಾಣಲಿಲ್ಲ. ಕಲಸಿದ್ದನ್ನು ಬಕೆಟ್ಟಿನಲ್ಲಿಯೇ ಇಟ್ಟುಕೊಳ್ಳದೆ ಕೂಡಲೇ ನೆಲಕ್ಕೆ ಸುರಿದು ಹರಡಿದರು. ರಾಶಿಯಾಗಿ ಉಳಿದರೆ ಒಳಗಿನ ಕಾವು ಹೊರಗೆ ಹೋಗದೆ ಏರುತ್ತಾ ಹೋಗಿ, ಬಕೆಟ್ಟು ಹೊಗೆಯಾಡುವುದೂ ಉಂಟು. ಡಬ್ಬಿಯ ಮೇಲೆ ಬರೆದಿರುವ ಬಳಕೆಯ ಅವಧಿ ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕದ್ದು. ಹತ್ತು ಡಿಗ್ರಿ ಏರಿದರೆ ಅದು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದಲ್ಲಿ ಕೆಲಸ ಮಾಡಿಸುವವರು ಇದನ್ನು ನೆನಪಿಡಬೇಕು.

ಹವೆಯ ವಿಷಯದಲ್ಲಿಯೂ ಮೇಸ್ತ್ರಿ ಕಟ್ಟುನಿಟ್ಟು. ನೆಲದ ಉಷ್ಣತೆ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ, ಕನಿಷ್ಠ ಮೂರು ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ ಶೇಕಡಾ 85ನ್ನು ಮೀರಬಾರದು ಎಂಬುದು ಈ ಕಸುಬಿನ ನಿಯಮ. ಗಾಳಿ 25 ಡಿಗ್ರಿಯಿದ್ದು ತೇವಾಂಶ ಶೇಕಡಾ 85 ಇದ್ದರೆ ಇಬ್ಬನಿ ಬಿಂದು ಸುಮಾರು 22 ಡಿಗ್ರಿ. ಬೆಳಗಿನ ತಣ್ಣನೆಯ ನೆಲ ಆ ಪರೀಕ್ಷೆಯಲ್ಲಿ ಸುಲಭವಾಗಿ ಸೋಲುತ್ತದೆ. ಇವನ್ನು ಅಳೆಯುವ ಮೀಟರು ಒಪ್ಪದ ಬೆಳಿಗ್ಗೆ ಅವರು ಬಿಸಿಲೇರುವ ತನಕ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಇಷ್ಟು ಬಲ್ಲವರೂ ಒಂದು ಕಡೆ ಎಡವಿದರು. ಉಗ್ರಾಣದಲ್ಲಿ ಪ್ರೈಮರ್ (ಎಲ್ಲಕ್ಕಿಂತ ಕೆಳಗಿನ ಮೊದಲ ಕೋಟ್) ಬಳಿದ ಸಂಜೆ ಮಳೆಯ ಹನಿ ಬಿದ್ದು ಗಾಳಿ ತಣ್ಣಗಾಯಿತು. ತಂಡದ ಹುಡುಗನೊಬ್ಬ ಕೋಣೆ ಬೆಚ್ಚಗಿರಲೆಂದು ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಟ್ಟ. ಉರಿಯುವ ಸೌದೆ ಕಾವಿನ ಜೊತೆಗೆ ನೀರಾವಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ, ಅವೆರಡೂ ಹಾರ್ಡ್‌ನರಿನ ಅಮೀನ್ ಎಂಬ ರಾಸಾಯನಿಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಜಿಡ್ಡಿನ ಪೊರೆಯನ್ನು ಕಟ್ಟುತ್ತವೆ. ಮರುದಿನ ನೆಲ ಮಂಕಾಗಿ ಬೆಳ್ಳಗೆ ಕಾಣುತ್ತಿತ್ತು, ಬೆರಳಿಟ್ಟರೆ ಸೋಪು ಸವರಿದಂತೆ ಜಾರುತ್ತಿತ್ತು. ಅದರ ಮೇಲೆಯೇ ಮುಂದಿನ ಕೋಟ್ ಹೊಡೆದಿದ್ದರೆ ಚಾಪೆಯಂತೆ ಸುಲಿದು ಬರುತ್ತಿತ್ತು. ಮೇಸ್ತ್ರಿ ಅದನ್ನು ಮುಚ್ಚಿಡಲಿಲ್ಲ. ತಿನ್ನರಿನಿಂದ ಒರೆಸಿದರೆ ಹರಡುತ್ತದೆ ಅಷ್ಟೇ ಎಂದು ಹೇಳಿ, ಬೆಚ್ಚನೆಯ ನೀರು ಮತ್ತು ಉಜ್ಜುವ ಪ್ಯಾಡಿನಿಂದ ಪೂರ್ತಿ ತೊಳೆಸಿ, ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಿಡಿಸಿ, ಹೆಚ್ಚಿನ ಕೂಲಿ ಕೇಳದೆ ಮುಂದುವರಿಸಿದರು. ಆ ಕೋಣೆ ಇಂದಿಗೂ ಚೆನ್ನಾಗಿದೆ.

ಬಳಿಯುವ ಕೆಲಸ ಸಲೀಸಾಗಿ ಮುಗಿಯಿತು. ರೋಲರಿನ ಹಿಂದೆಯೇ ಮುಳ್ಳಿನ ರೋಲರ್ ಓಡಿಸಿ ಗುಳ್ಳೆ ಒಡೆದರು, ಯಂತ್ರದ ಸುತ್ತ ಜಾರದಂತೆ ಸಣ್ಣ ಸಿಲಿಕಾ ಮರಳು ಉದುರಿಸಿದರು. ಅಂದಾಜುಪಟ್ಟಿ ಪಡೆಯುವವರು ಒಂದು ಲೆಕ್ಕ ಹಾಕಿ ನೋಡಬಹುದು: ಸಾಲ್ವೆಂಟ್ (ಆವಿಯಾಗಿ ಹೋಗುವ ದ್ರಾವಕ) ಇಲ್ಲದ ಎಪಾಕ್ಸಿ ಒಂದು ಲೀಟರಿಗೆ 200 ಮೈಕ್ರಾನ್, ಅಂದರೆ 0.2 ಮಿಲಿಮೀಟರ್, ದಪ್ಪದಲ್ಲಿ ಐದು ಚದರ ಮೀಟರ್ ಮಾತ್ರ ಬರುತ್ತದೆ. 500 ಚದರ ಅಡಿಗೆ ಒಂದು ಕೋಟ್ ಹೊಡೆಯಲು ಒಂಬತ್ತು ಲೀಟರಿಗಿಂತ ಸ್ವಲ್ಪ ಹೆಚ್ಚೇ ಬೇಕು. ನಾಲ್ಕು ಲೀಟರಿನಲ್ಲಿ ಮುಗಿಸುತ್ತೇವೆ ಎನ್ನುವವರು ಅರ್ಧ ದಪ್ಪವನ್ನೂ ಕೊಡುತ್ತಿಲ್ಲ.

ಇನ್ನು ನನ್ನ ತಕರಾರು. ಸಾಮಾನ್ಯ ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿಯೇಳುತ್ತದೆ, ಬಿಸಿಲು ಬೀಳುವಲ್ಲಿ ಮೇಲೆ ಪಾಲಿಯುರೆಥೇನ್ ಕೋಟ್ ಬೇಕು. ಇದನ್ನು ಜಗಲಿಗೆ ದರ ಹೇಳುವಾಗಲೇ ತಿಳಿಸಬೇಕಿತ್ತು. ತಿಳಿಸಲಿಲ್ಲ, ಈಗ ಪ್ರತ್ಯೇಕ ದರ ಹೇಳುತ್ತಿದ್ದಾರೆ. ಅಡಿಕೆ ಬೇಯಿಸುವ ಹಂಡೆಯ ಸುತ್ತಲಿನ ನೆಲಕ್ಕೆ ಮಾತ್ರ ಎಪಾಕ್ಸಿ ಬೇಡವೆಂದು ಅವರೇ ಹೇಳಿದರು. ಕುದಿಯುವ ಚೊಗರು ಚೆಲ್ಲಿದರೆ ಸಾಮಾನ್ಯ ಎಪಾಕ್ಸಿ ಮೆತ್ತಗಾಗುತ್ತದೆಂಬ ಅವರ ಮಾತು ಸರಿ. ಅಲ್ಲಿ ಕಲ್ಲು ಚಪ್ಪಡಿಯನ್ನೇ ಉಳಿಸಿಕೊಂಡಿದ್ದೇವೆ.

ಕೆಲಸ ಮುಗಿದ ಮರುದಿನ ನಡೆದಾಡಬಹುದು, ಭಾರ ಹೊರಿಸಲು ಏಳು ದಿನ ಕಾಯಬೇಕು. ಈ ತಂಡವನ್ನು ಒಳಾಂಗಣದ ಕೆಲಸಕ್ಕೆ ಧಾರಾಳವಾಗಿ ಕರೆಯಬಹುದು. ಬಿಸಿಲು ಬೀಳುವ ಜಾಗವಿದ್ದರೆ ಮೇಲಿನ ಕೋಟ್ ಯಾವುದು, ಎಷ್ಟು ಮೈಕ್ರಾನ್ ಎಂಬುದನ್ನು ಮುಂಗಡ ಕೊಡುವ ಮೊದಲು ಅಂದಾಜುಪಟ್ಟಿಯಲ್ಲಿಯೇ ಬರೆಸಿಕೊಳ್ಳಿ.